ಗ್ರೀನ್ ಕಾರ್ಡಿನ ಮೊದಲ ಐದು ವರ್ಷ: ಅಮೆರಿಕದ ರಾಜ್ಯಗಳ ನಗದು ನೆರವಿನ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ರಾಜ್ಯ ಸರ್ಕಾರಗಳು ಬಡ ಕುಟುಂಬಗಳಿಗೆ ಕೊಡುವ ಮಾಸಿಕ ನಗದು ನೆರವು ಕಾನೂನುಬದ್ಧವಾಗಿ ವಲಸೆ ಬಂದವರಿಗೂ ಮೊದಲ ದಿನದಿಂದಲೇ ಸಿಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವು ಕರ್ನಾಟಕದ ಊರುಗಳಿಂದ ಬಂದಿವೆ, ಕೆಲವು ಅಲ್ಲಿಯೇ ನೆಲೆಸಿರುವ ಕನ್ನಡಿಗರಿಂದ. ನಾನು ಹಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿ ದುಭಾಷಿಯಾಗಿ ಅರ್ಜಿದಾರರ ಪಕ್ಕದಲ್ಲಿ ಕುಳಿತವಳು. ವಕೀಲಳಲ್ಲ. ಇಲ್ಲಿನ ಉತ್ತರಗಳು ದಾರಿ ತೋರಿಸಬಲ್ಲವು, ಆದರೆ ನಿಮ್ಮ ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಿದ ವಕೀಲರ ಮಾತಿಗೆ ಅವು ಬದಲಿಯಾಗಲಾರವು.

ಪ್ರಶ್ನೆ: ನನ್ನ ತಂಗಿಗೆ ಗಂಡನ ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಸಿಕ್ಕಿ ಎರಡು ವರ್ಷವಾಯಿತು. ಈಗ ಗಂಡ ಮನೆ ಬಿಟ್ಟು ಹೋಗಿದ್ದಾನೆ, ಖರ್ಚಿಗೂ ಕೊಡುತ್ತಿಲ್ಲ. ಅಲ್ಲಿಯೇ ಹುಟ್ಟಿದ ಏಳು ವರ್ಷದ ಮಗನನ್ನು ಇಟ್ಟುಕೊಂಡು ಅವಳು ಕ್ಯಾಲಿಫೋರ್ನಿಯಾದಲ್ಲಿ ಒಬ್ಬಳೇ ಇದ್ದಾಳೆ. ಐದು ವರ್ಷ ತುಂಬುವ ತನಕ ಸರ್ಕಾರದಿಂದ ಒಂದು ಡಾಲರೂ ಸಿಗುವುದಿಲ್ಲ ಎಂದು ಪರಿಚಿತರು ಹೇಳಿದ್ದಾರಂತೆ. ಇದು ನಿಜವೇ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ಪರಿಚಿತರು ಹೇಳಿದ್ದು ಅರ್ಧ ನಿಜ. ಈ ಅರ್ಧ ನಿಜವನ್ನೇ ಪೂರ್ತಿ ನಂಬಿ ಕೌಂಟಿ (ಅಲ್ಲಿನ ಜಿಲ್ಲೆ) ಕಚೇರಿಯ ಮೆಟ್ಟಿಲನ್ನೂ ಹತ್ತದೆ ಉಳಿದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ.

ಐದು ವರ್ಷದ ಮಾತು ಹುಟ್ಟಿದ್ದು 1996ರಲ್ಲಿ. ಅದಕ್ಕೂ ಮೊದಲು, 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ ಆರಂಭವಾದ ಒಂದು ವ್ಯವಸ್ಥೆ ಅರವತ್ತು ವರ್ಷಗಳ ಕಾಲ ಬಡ ತಾಯಂದಿರಿಗೂ ಮಕ್ಕಳಿಗೂ ತಿಂಗಳು ತಿಂಗಳು ಹಣ ಕೊಡುತ್ತಿತ್ತು. ಅರ್ಹತೆ ಇರುವ ಕುಟುಂಬಕ್ಕೆ ನೆರವನ್ನು ನಿರಾಕರಿಸಲು ಅದರಲ್ಲಿ ಅವಕಾಶವಿರಲಿಲ್ಲ, ಗ್ರೀನ್ ಕಾರ್ಡ್ ಪಡೆದವರೂ ಅದಕ್ಕೆ ಹಕ್ಕುದಾರರಾಗಿದ್ದರು. 1996ರ ಆಗಸ್ಟ್ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಆ ವ್ಯವಸ್ಥೆಯನ್ನು ರದ್ದು ಮಾಡಿ, ಅದರ ಜಾಗದಲ್ಲಿ ಟ್ಯಾನ್ಫ್ ಎಂದು ಕರೆಯುವ ತಾತ್ಕಾಲಿಕ ನೆರವನ್ನು ತಂದಿತು. ಒಬ್ಬ ವಯಸ್ಕರು ಜೀವಮಾನದಲ್ಲಿ 60 ತಿಂಗಳಿಗಿಂತ ಹೆಚ್ಚು ಕಾಲ ಒಕ್ಕೂಟ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಹಣವನ್ನು ಪಡೆಯುವಂತಿಲ್ಲ, ಪಡೆಯುವಾಗ ಕೆಲಸ ಮಾಡಬೇಕು ಅಥವಾ ಕೆಲಸದ ತಯಾರಿಯಲ್ಲಿರಬೇಕು ಎಂಬ ಷರತ್ತುಗಳು ಬಂದವು. ಅದೇ ಕಾನೂನು, ಸಹಿಯ ದಿನದ ನಂತರ ಬಂದ ಕಾಯಂ ನಿವಾಸಿಗಳಿಗೆ, ಅಂದರೆ ಗ್ರೀನ್ ಕಾರ್ಡ್ ಪಡೆದವರಿಗೆ, ಮೊದಲ ಐದು ವರ್ಷ ಒಕ್ಕೂಟದ ಹಣದಿಂದ ಈ ನೆರವು ಇಲ್ಲವೆಂದಿತು. ನಿರಾಶ್ರಿತರಾಗಿ ಬಂದವರು, ಆಶ್ರಯ ಪಡೆದವರು, ಸೈನಿಕರು, ಮಾಜಿ ಸೈನಿಕರು ಮುಂತಾದ ಕೆಲವರನ್ನು ಮಾತ್ರ ಈ ತಡೆಯಿಂದ ಹೊರಗಿಟ್ಟಿತು. ಕಾನೂನಿನಿಂದ ಉಳಿಯಲಿದ್ದ ಒಟ್ಟು ಹಣದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಬಂದದ್ದು ವಲಸಿಗರ ಮೇಲೆ ಹೇರಿದ ನಿರ್ಬಂಧಗಳಿಂದಲೇ. ನೆರವು ಪಡೆಯುತ್ತಿದ್ದವರ ಸಾಲಿನಲ್ಲಿ ವಲಸಿಗರು ಸಣ್ಣ ಗುಂಪು, ಕಳೆದುಕೊಂಡವರ ಸಾಲಿನಲ್ಲಿ ದೊಡ್ಡ ಗುಂಪು. ಈ ಭಾಗ ತನಗೆ ಒಪ್ಪಿಗೆಯಿಲ್ಲವೆಂದು ಕ್ಲಿಂಟನ್ ಸಹಿ ಹಾಕುವಾಗಲೇ ಹೇಳಿದ್ದರು.

ಇನ್ನು ನಿಜವಲ್ಲದ ಅರ್ಧಕ್ಕೆ ಬರೋಣ. ಕಾನೂನು ತಡೆದದ್ದು ಒಕ್ಕೂಟದ ಹಣವನ್ನು. ರಾಜ್ಯವೊಂದು ತನ್ನ ಸ್ವಂತ ಬೊಕ್ಕಸದಿಂದ ಈ ಐದು ವರ್ಷಗಳನ್ನು ತುಂಬಿಕೊಡಲು ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯಾ ಕ್ಯಾಲ್‌ವರ್ಕ್ಸ್ ಎಂಬ ತನ್ನ ಯೋಜನೆಯಲ್ಲಿ ಅದನ್ನೇ ಮಾಡುತ್ತಿದೆ. ವಾಷಿಂಗ್ಟನ್ ರಾಜ್ಯವೂ ಮಿನ್ನೆಸೋಟವೂ ಇದಕ್ಕೆ ರಾಜ್ಯದ ಹಣ ತೆಗೆದಿಟ್ಟಿವೆ. ನ್ಯೂಯಾರ್ಕಿನಲ್ಲಿ ಸೇಫ್ಟಿ ನೆಟ್ ಅಸಿಸ್ಟೆನ್ಸ್ ಎಂಬ ಪ್ರತ್ಯೇಕ ಯೋಜನೆಯೇ ಇದೆ. ಇನ್ನುಳಿದ ಬಹಳಷ್ಟು ರಾಜ್ಯಗಳಲ್ಲಿ ಇಂಥದ್ದಿಲ್ಲ. ಹೀಗಾಗಿ ಒಂದೇ ದಿನ ಒಂದೇ ವಿಮಾನದಲ್ಲಿ ಬಂದಿಳಿದ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳಿಗೆ ಮಗುವಿನ ಹಾಲಿಗೆ ಹಣ ಸಿಕ್ಕೀತು, ಇನ್ನೊಬ್ಬಳಿಗೆ ಸಿಗಲಿಕ್ಕಿಲ್ಲ. ಎಲ್ಲ ರಾಜ್ಯಗಳೂ ಈ ನೆರವನ್ನು ವಿಸ್ತರಿಸಬೇಕು ಎಂದು ನಾನು ಬರೆದದ್ದು ಈ ಕಾರಣಕ್ಕೆ.

ಆದ್ದರಿಂದ ನಿಮ್ಮ ತಂಗಿ ತಡಮಾಡದೆ ತಮ್ಮ ಕೌಂಟಿಯ ಸಾಮಾಜಿಕ ಸೇವೆಗಳ ಕಚೇರಿಯಲ್ಲಿ ಕ್ಯಾಲ್‌ವರ್ಕ್ಸ್‌ಗೆ ಅರ್ಜಿ ಹಾಕಲಿ. ಮಗ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಅವನಿಗೆ ಐದು ವರ್ಷದ ಮಾತು ಅನ್ವಯಿಸುವುದೇ ಇಲ್ಲ. ನಿಮ್ಮ ತಂಗಿಯದು ರಾಜ್ಯದ ಹಣದಿಂದ ಬರುವ ಪಾಲು. ಆದಾಯವೂ ಉಳಿತಾಯವೂ ಮಿತಿಯೊಳಗಿರಬೇಕು. ಕಚೇರಿ ಸಾಮಾನ್ಯವಾಗಿ 45 ದಿನಗಳೊಳಗೆ ತೀರ್ಮಾನ ಹೇಳಬೇಕು. ಮನೆಯಿಂದ ಹೊರಹಾಕುವ ನೋಟಿಸು ಬಂದಿದ್ದರೆ ಅಥವಾ ಅಡುಗೆಮನೆ ಬರಿದಾಗಿದ್ದರೆ ಅದನ್ನು ಮೊದಲ ದಿನವೇ ಹೇಳಿ ತುರ್ತು ನೆರವನ್ನು ಕೇಳಬೇಕು. ಮಗನ ಪಾಲನೆಯ ಖರ್ಚನ್ನು ತಂದೆಯಿಂದ ವಸೂಲು ಮಾಡಲು ಕೌಂಟಿ ಮುಂದಾಗುತ್ತದೆ, ಅದಕ್ಕೆ ತಾಯಿ ಸಹಕರಿಸಬೇಕು. ಗಂಡ ಹೊಡೆಯುತ್ತಿದ್ದ, ಬೆದರಿಸುತ್ತಿದ್ದ ಎಂಬ ಸಂಗತಿ ಇದ್ದರೆ ಈ ಸಹಕಾರದ ಷರತ್ತಿಗೂ ಕೆಲಸದ ಷರತ್ತಿಗೂ ವಿನಾಯಿತಿ ಕೇಳಬಹುದು. ನಮ್ಮ ಹೆಣ್ಣುಮಕ್ಕಳು ಕಚೇರಿಯ ಅಪರಿಚಿತರೆದುರು ಈ ಮಾತನ್ನು ಆಡಲು ತುಂಬ ಹಿಂಜರಿಯುತ್ತಾರೆ. ಆಡಲೇಬೇಕು ಎಂದು ನಿಮ್ಮ ತಂಗಿಗೆ ನೀವೇ ಧೈರ್ಯ ಹೇಳಿ.

ಪ್ರಶ್ನೆ: ನನಗೆ 70 ವರ್ಷ. ಮಗ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡು ಮೂರು ವರ್ಷವಾಯಿತು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅವನ ಮನೆಯಲ್ಲಿಯೇ ಇದ್ದೇವೆ. ಎಂಟು ತಿಂಗಳ ಹಿಂದೆ ಅವನ ಕೆಲಸ ಹೋಯಿತು. ನಮ್ಮಿಬ್ಬರ ಔಷಧಿ, ಊಟ ಅವನಿಗೆ ಭಾರವಾಗುತ್ತಿದೆ ಎಂದು ಗೊತ್ತಾಗುತ್ತದೆ, ಅವನು ಬಾಯಿ ಬಿಟ್ಟು ಹೇಳುವುದಿಲ್ಲ. ವೃದ್ಧರಿಗೆ ಎಸ್‌ಎಸ್‌ಐ ಎಂಬ ಪಿಂಚಣಿ ಇದೆಯಂತೆ. ನಮಗೆ ಸಿಗುತ್ತದೆಯೇ? ನಡುವೆ ಕೆಲವು ತಿಂಗಳು ಮೈಸೂರಿಗೆ ಬಂದು ಹೋಗುವ ಆಸೆಯೂ ಇದೆ.
(ಸ್ಯಾನ್ ಹೋಸೆಯಿಂದ, ಮೈಸೂರಿನ ಹಿರಿಯರು)

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಮೌನವನ್ನು ಅರ್ಥಮಾಡಿಕೊಂಡು, ಅವನಿಗೆ ತಿಳಿಯದಂತೆ ದಾರಿ ಹುಡುಕುತ್ತಿರುವ ತಂದೆಗೆ ಸುಳ್ಳು ಭರವಸೆ ಕೊಡಲಾರೆ. ಎಸ್‌ಎಸ್‌ಐ ನಿಮಗೆ ಸದ್ಯಕ್ಕೆ ಸಿಗುವುದಿಲ್ಲ. 65 ದಾಟಿದ, ಕಣ್ಣು ಕಾಣದ ಅಥವಾ ಅಂಗವಿಕಲರಾದ ಬಡವರಿಗೆ ಒಕ್ಕೂಟ ಸರ್ಕಾರ ಕೊಡುವ ನೆರವು ಅದು. 1996ರ ನಂತರ ಬಂದ ಕಾಯಂ ನಿವಾಸಿ ಅದನ್ನು ಪಡೆಯಬೇಕಾದರೆ ಐದು ವರ್ಷ ಕಳೆಯುವುದಷ್ಟೇ ಸಾಲದು, 40 ತ್ರೈಮಾಸಿಕಗಳ ದುಡಿಮೆಯ ದಾಖಲೆಯೂ ಬೇಕು, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ. ಗಂಡ ಅಥವಾ ಹೆಂಡತಿಯ ದುಡಿಮೆಯನ್ನು ಸೇರಿಸಿಕೊಳ್ಳಬಹುದು, ಬೆಳೆದ ಮಕ್ಕಳ ದುಡಿಮೆಯನ್ನು ಸೇರಿಸುವಂತಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಬಂದವರಿಗೆ ಈ ಷರತ್ತು ಬಾಗಿಲು ಮುಚ್ಚಿದಂತೆಯೇ ಸರಿ; ಪ್ರಜೆಯಾದರೆ ಮಾತ್ರ ಅದು ತೆರೆಯುತ್ತದೆ.

ಕ್ಯಾಲಿಫೋರ್ನಿಯಾ 1998ರಲ್ಲಿ ಈ ಕೊರತೆಯನ್ನು ಗುರುತಿಸಿ ಕ್ಯಾಪಿ ಎಂಬ ತನ್ನದೇ ಯೋಜನೆಯನ್ನು ಆರಂಭಿಸಿತು. ವಲಸೆಯ ಕಾರಣವೊಂದರಿಂದಲೇ ಎಸ್‌ಎಸ್‌ಐ ತಪ್ಪಿದ ವೃದ್ಧರಿಗೂ ಅಂಗವಿಕಲರಿಗೂ ಹೆಚ್ಚುಕಡಿಮೆ ಅಷ್ಟೇ ಮೊತ್ತವನ್ನು ರಾಜ್ಯದ ಹಣದಿಂದ ಕೊಡುವ ವ್ಯವಸ್ಥೆ ಇದು. ನಿಮ್ಮ ವಿಷಯದಲ್ಲಿ ತೊಡಕು ಬರುವುದು ಮಗ ಬರೆದುಕೊಟ್ಟ ಮುಚ್ಚಳಿಕೆಯಿಂದ. ತಂದೆತಾಯಿಯನ್ನು ಕರೆಸಿಕೊಳ್ಳುವಾಗ ಮಕ್ಕಳು ಐ-864 ಎಂಬ ನಮೂನೆಗೆ ಸಹಿ ಹಾಕುತ್ತಾರೆ. ಇವರನ್ನು ಬಡತನ ರೇಖೆಯ 125 ಶೇಕಡಾ ಮಟ್ಟಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಎಂಬ ಈ ಮಾತು ನ್ಯಾಯಾಲಯದಲ್ಲಿಯೂ ನಿಲ್ಲುತ್ತದೆ. ನೀವು ಪ್ರಜೆಯಾಗುವವರೆಗೆ, ಅಥವಾ 40 ತ್ರೈಮಾಸಿಕಗಳ ಲೆಕ್ಕ ತುಂಬುವವರೆಗೆ, ಅಥವಾ ಕಾಯಂ ನಿವಾಸವನ್ನು ಬಿಟ್ಟು ಹಿಂದಿರುಗುವವರೆಗೆ ಅದು ಜಾರಿಯಲ್ಲಿರುತ್ತದೆ. ಆದ್ದರಿಂದ ನೀವು ಅರ್ಜಿ ಹಾಕಿದಾಗ ಮಗನ ಆದಾಯವನ್ನು ನಿಮ್ಮದೆಂದೇ ಎಣಿಸುತ್ತಾರೆ. ಮಗ ಚೆನ್ನಾಗಿ ದುಡಿಯುತ್ತಿದ್ದಾಗ ಅರ್ಜಿ ಖಂಡಿತ ತಿರಸ್ಕೃತವಾಗುತ್ತಿತ್ತು. ಈಗ ಅವನ ಸಂಬಳ ನಿಂತಿದೆ, ಲೆಕ್ಕ ಬದಲಾಗಿರಬಹುದು. ಇದಲ್ಲದೆ, ಪ್ರಾಯೋಜಕರ (ಮುಚ್ಚಳಿಕೆ ಬರೆದುಕೊಟ್ಟವರ) ನೆರವನ್ನು ಸೇರಿಸಿಯೂ ಊಟಕ್ಕೂ ಇರುವ ಜಾಗಕ್ಕೂ ಸಾಲದಂಥ ಸ್ಥಿತಿಯಲ್ಲಿರುವವರಿಗೆ ನಿರ್ಗತಿಕರ ವಿನಾಯಿತಿ ಎಂಬುದೊಂದಿದೆ. ಅದನ್ನು ಹೆಸರು ಹೇಳಿಯೇ ಕೇಳಬೇಕಾಗುತ್ತದೆ. ಕಚೇರಿಯವರು ತಾವಾಗಿ ನೆನಪಿಸಿದ್ದನ್ನು ನಾನು ಕಂಡದ್ದು ಅಪರೂಪ.

ಒಂದು ಎಚ್ಚರಿಕೆ. ಇದನ್ನೆಲ್ಲ ಮಗನಿಗೆ ತಿಳಿಯದಂತೆ ಮಾಡಲು ಆಗುವುದಿಲ್ಲ, ಮಾಡಲೂಬಾರದು. ಮುಚ್ಚಳಿಕೆ ಅವನದು, ವೆಚ್ಚವನ್ನು ಮರಳಿ ಕೊಡೆಂದು ಪ್ರಾಯೋಜಕರನ್ನು ಕೇಳುವ ಅಧಿಕಾರ ಕಾನೂನಿನಲ್ಲಿ ಸರ್ಕಾರಕ್ಕಿದೆ. ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿ, ಆಮೇಲೆ ಉಚಿತ ಕಾನೂನು ನೆರವಿನ ಕೇಂದ್ರವೊಂದಕ್ಕೆ ಇಬ್ಬರೂ ಕೂಡಿ ಹೋಗಿ.

ಮೈಸೂರಿನ ವಿಷಯ: ನೆರವು ಸಿಗಲು ಶುರುವಾದ ಮೇಲೆ ಸತತವಾಗಿ 30 ದಿನ ದೇಶದ ಹೊರಗಿದ್ದರೆ ಅದು ನಿಲ್ಲುತ್ತದೆ. ಆರು ತಿಂಗಳು ಮೀರಿದರೆ ಪೌರತ್ವಕ್ಕೆ ಬೇಕಾದ ಸತತ ನಿವಾಸದ ಲೆಕ್ಕಕ್ಕೇ ಧಕ್ಕೆ ಬರಬಹುದು. ಇನ್ನೆರಡು ವರ್ಷಕ್ಕೆ ನೀವು ಪೌರತ್ವಕ್ಕೆ ಅರ್ಜಿ ಹಾಕಬಹುದಾದವರು. ಪ್ರಜೆಯಾದ ದಿನ ದುಡಿಮೆಯ ದಾಖಲೆಯ ತೊಡಕೂ ಮುಚ್ಚಳಿಕೆಯ ತೊಡಕೂ ಒಮ್ಮೆಗೇ ಕಳಚುತ್ತವೆ. ಊರಿನ ಹಂಬಲ ಎಷ್ಟು ಗಟ್ಟಿಯಾದದ್ದೆಂದು ನನಗೆ ಗೊತ್ತಿದೆ. ಬಂದು ಹೋಗಿ, ಆದರೆ ಮೂರು ನಾಲ್ಕು ವಾರದೊಳಗೆ ಮುಗಿಸಿ.

ಪ್ರಶ್ನೆ: ನೆರವು ಪಡೆದರೆ ಸರ್ಕಾರಕ್ಕೆ ಹೊರೆಯಾದವರೆಂದು ಗುರುತಿಸಿ ಗ್ರೀನ್ ಕಾರ್ಡ್ ಕಿತ್ತುಕೊಳ್ಳುತ್ತಾರೆ ಎಂಬ ಭಯ ಇಲ್ಲಿ ಎಲ್ಲರಿಗೂ ಇದೆ. ಮಕ್ಕಳ ಶಾಲೆಯ ಉಚಿತ ಊಟವನ್ನೂ ಬೇಡವೆನ್ನುವವರಿದ್ದಾರೆ. ಈ ಭಯ ಸರಿಯೇ?
(ಸಿಯಾಟಲ್ ಬಳಿಯ ಓದುಗರು)

ಉತ್ತರ: ಪಬ್ಲಿಕ್ ಚಾರ್ಜ್ ಎಂಬ ಈ ಮಾತು ಅಮೆರಿಕದ ವಲಸೆ ಕಾನೂನಿಗೆ ಬಂದದ್ದು 1882ರಲ್ಲಿ. ಬದುಕಿಗೆ ಸರ್ಕಾರವನ್ನೇ ನೆಚ್ಚಿಕೊಳ್ಳುವ ಸಂಭವ ಇರುವವರನ್ನು ಒಳಗೆ ಬಿಡಬಾರದು ಎಂಬುದು ಅದರ ಉದ್ದೇಶ. ಇದು ಒಳಗೆ ಬರುವಾಗ, ಗ್ರೀನ್ ಕಾರ್ಡ್ ಕೇಳುವಾಗ ನಡೆಯುವ ಪರೀಕ್ಷೆ. ಈಗಾಗಲೇ ಗ್ರೀನ್ ಕಾರ್ಡ್ ಇರುವವರು ಪೌರತ್ವಕ್ಕೆ ಅರ್ಜಿ ಹಾಕುವಾಗ ಈ ಪರೀಕ್ಷೆ ಇಲ್ಲ. ಗ್ರೀನ್ ಕಾರ್ಡ್ ಇದ್ದೂ 180 ದಿನಗಳಿಗಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವವರಿಗೆ ಮಾತ್ರ ಗಡಿಯಲ್ಲಿ ಮತ್ತೆ ಈ ಪ್ರಶ್ನೆ ಎದುರಾಗಬಹುದು.

ಯಾವ ನೆರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದು ಮಾತ್ರ ಆಡಳಿತ ಬದಲಾದಂತೆ ಬದಲಾಗುತ್ತಲೇ ಬಂದಿದೆ. 1999ರ ಮಾರ್ಗಸೂಚಿ ಹೆಚ್ಚಾಗಿ ನಗದು ನೆರವನ್ನಷ್ಟೇ ನೋಡಿತು. 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮ ಬಡವರ ಆಹಾರ ನೆರವಾದ ಫುಡ್ ಸ್ಟಾಂಪನ್ನೂ ವೈದ್ಯಕೀಯ ನೆರವನ್ನೂ ಸೇರಿಸಿತು. 2021ರ ಮಾರ್ಚಿನಲ್ಲಿ ಅದು ಬಿದ್ದುಹೋಯಿತು. 2022ರ ಡಿಸೆಂಬರ್ 23ರಿಂದ ಜಾರಿಗೆ ಬಂದ ನಿಯಮ ಮತ್ತೆ ನಗದು ನೆರವಿಗೂ ಸರ್ಕಾರಿ ಖರ್ಚಿನಲ್ಲಿ ದೀರ್ಘಕಾಲ ಆರೈಕೆ ಸಂಸ್ಥೆಯಲ್ಲಿ ಇರುವುದಕ್ಕೂ ಸೀಮಿತವಾಯಿತು. ಮಕ್ಕಳು ಪಡೆದ ನೆರವನ್ನು ತಂದೆತಾಯಿಯ ತಲೆಗೆ ಕಟ್ಟುವುದಿಲ್ಲ ಎಂದಿತು. ಗ್ರೀನ್ ಕಾರ್ಡಿಗೆ ಇನ್ನೂ ಅರ್ಜಿ ಹಾಕಬೇಕಾದವರು ರಾಜ್ಯದ ನಗದು ನೆರವು ಪಡೆಯುವ ಮೊದಲು ಆ ಹೊತ್ತಿಗೆ ಯಾವ ನಿಯಮವಿದೆ ಎಂದು ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಗ್ರೀನ್ ಕಾರ್ಡ್ ಕೈಯಲ್ಲಿರುವವರು ಮಗುವಿನ ತಟ್ಟೆಯಿಂದ ಶಾಲೆಯ ಊಟವನ್ನು ಕಸಿಯಬೇಕಾಗಿಲ್ಲ.

ನಿಯಮಕ್ಕಿಂತ ನಿಯಮದ ಸುದ್ದಿ ದೂರ ಹೋಗುತ್ತದೆ. ರಾಜ್ಯಗಳು ನೆರವನ್ನು ವಿಸ್ತರಿಸಿದರೂ ಜನ ಬರದಿರುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಅನುಭವ. ವಿಸ್ತರಣೆಯ ಹಣದಲ್ಲಿ ಒಂದು ಪಾಲನ್ನು ಜನರ ಭಾಷೆಯಲ್ಲಿ ತಿಳಿಹೇಳುವುದಕ್ಕೇ ಮೀಸಲಿಡಬೇಕು.

ಪ್ರಶ್ನೆ: ಗಂಡ ಎಚ್-1ಬಿ ವೀಸಾದಲ್ಲಿ ಆರು ವರ್ಷ ಕೆಲಸ ಮಾಡಿ, ಹೃದಯಾಘಾತದಿಂದ ತೀರಿಕೊಂಡರು. ನನ್ನದು ಅವರ ವೀಸಾವನ್ನು ಅವಲಂಬಿಸಿದ ಎಚ್-4. ಮಗಳಿಗೆ ನಾಲ್ಕು ವರ್ಷ, ಇಲ್ಲಿಯೇ ಹುಟ್ಟಿದವಳು. ನಾವು ಯಾವ ನೆರವಿಗೂ ಅರ್ಹರಲ್ಲವೇ?
(ಹೆಸರು, ಊರು ಬೇಡವೆಂದಿದ್ದಾರೆ)

ಉತ್ತರ: ಅಮ್ಮಾ, ನಿಮ್ಮ ದುಃಖದಲ್ಲಿ ನಾನೂ ಭಾಗಿ. ಮೊದಲು ಮುಖ್ಯವಾದ ಮಾತು. ನಿಮ್ಮ ಗಂಡನ ಸಂಬಳದಿಂದ ಆರು ವರ್ಷ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಡಿತವಾಗಿದೆ. ಆ ಹಣದ ಬಲದ ಮೇಲೆ ನಿಮ್ಮ ಮಗಳಿಗೆ ಮೃತರ ಅವಲಂಬಿತರ ಮಾಸಿಕ ಭತ್ಯೆ ಸಿಗಬೇಕು. ಚಿಕ್ಕ ಮಕ್ಕಳ ವಿಷಯದಲ್ಲಿ 40 ತ್ರೈಮಾಸಿಕಗಳ ಹಠವಿಲ್ಲ. ಸಾವಿನ ಹಿಂದಿನ ಮೂರು ವರ್ಷಗಳಲ್ಲಿ ಒಂದೂವರೆ ವರ್ಷದ ದುಡಿಮೆ ಇದ್ದರೂ ಸಾಕು. ಇದು ದುಡಿದವರು ಕಟ್ಟಿದ ವಿಮೆಯ ಹಣ. ಬಡವರಿಗೆ ಕೊಡುವ ನೆರವಿನ ಲೆಕ್ಕಕ್ಕೆ ಸೇರುವುದಿಲ್ಲ, ಪಬ್ಲಿಕ್ ಚಾರ್ಜ್ ಪರೀಕ್ಷೆಗೂ ಬರುವುದಿಲ್ಲ. ಮಗಳು ಅಮೆರಿಕದ ಪ್ರಜೆಯಾದ್ದರಿಂದ ನೀವು ಅವಳೊಂದಿಗೆ ಊರಿಗೆ ಮರಳಿದರೂ ಸಾಮಾನ್ಯವಾಗಿ ಅದು ನಿಲ್ಲುವುದಿಲ್ಲ. ಮರಣ ಪ್ರಮಾಣಪತ್ರ, ಮದುವೆಯ ದಾಖಲೆ, ಮಗಳ ಜನನ ಪತ್ರ ಹಿಡಿದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಈ ವಾರವೇ ಹೋಗಿ. ಎಷ್ಟೋ ಮಂದಿ ಕನ್ನಡಿಗ ತಾಯಂದಿರು ಇದನ್ನು ಕೇಳದೆಯೇ ವಿಮಾನ ಹತ್ತಿದ್ದಾರೆ.

ನಗದು ನೆರವಿನ ಮಾತಿಗೆ ಬಂದರೆ, ಎಚ್-1ಬಿ, ಎಚ್-4 ವೀಸಾದವರು ಕಾನೂನುಬದ್ಧವಾಗಿ ಇದ್ದರೂ 1996ರ ಕಾನೂನಿನ ಅರ್ಹ ವಲಸಿಗರ ಪಟ್ಟಿಯಲ್ಲಿಲ್ಲ. ಮಗಳು ಪ್ರಜೆ, ಅವಳೊಬ್ಬಳ ಹೆಸರಿನಲ್ಲಿಯೇ ನೆರವು ಕೇಳಬಹುದು. ಆಗ ಮೊತ್ತವನ್ನು ಒಂದು ಮಗುವಿನ ಲೆಕ್ಕದಲ್ಲಿ ಕಟ್ಟುತ್ತಾರೆ, ತಾಯಿಯ ಹೊಟ್ಟೆ ಲೆಕ್ಕಕ್ಕಿಲ್ಲ. ನಾಲ್ಕು ವರ್ಷದ ಮಗುವನ್ನು ಸಾಕುವ ಮನೆಯಲ್ಲಿ ತಾಯಿಯನ್ನು ಬಿಟ್ಟು ಲೆಕ್ಕ ಹಾಕುವುದು ಎಂಥ ಲೆಕ್ಕ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ. ವಿಸ್ತರಣೆಯ ಮಾತು ಬಂದಾಗ ಇಂಥ ತಾಯಂದಿರನ್ನೂ ಸೇರಿಸಬೇಕು ಎಂಬುದು ನನ್ನ ವಾದ. ಇನ್ನೊಂದು ತುರ್ತಿನ ಸಂಗತಿ ನಿಮ್ಮ ವೀಸಾ. ಗಂಡನ ವೀಸಾವನ್ನು ಆಧರಿಸಿದ್ದು ಅವರ ನಂತರ ಊರ್ಜಿತವಾಗಿ ಉಳಿಯುವುದಿಲ್ಲ. ಆದರೆ ಅವರ ಕಂಪನಿ ಗ್ರೀನ್ ಕಾರ್ಡಿಗಾಗಿ ಮನವಿ ಸಲ್ಲಿಸಿದ್ದರೆ, ಉಳಿದ ಕುಟುಂಬದವರು ಅದನ್ನು ಮುಂದುವರಿಸಲು 2009ರ ತಿದ್ದುಪಡಿಯಲ್ಲಿ ಅವಕಾಶವಿದೆ. ವಲಸೆ ವಕೀಲರನ್ನು ಕೂಡಲೇ ಕಾಣಿ.

ಪ್ರಶ್ನೆ: ನಾವು ಇಲ್ಲಿಗೆ ಬಂದು, ಯಾರ ಮುಂದೆಯೂ ಕೈಚಾಚದೆ, ತೆರಿಗೆ ಕಟ್ಟಿ ಬದುಕಿದವರು. ವಲಸೆ ಬರುವವರು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂದು ಕೇಳುವುದು ನ್ಯಾಯವೇ ಅಲ್ಲವೇ? ಪ್ರಜೆಗಳಲ್ಲದವರಿಗೆ ರಾಜ್ಯ ಏಕೆ ಹಣ ಕೊಡಬೇಕು?
(ಟೆಕ್ಸಸ್‌ನಿಂದ ಒಬ್ಬ ಎಂಜಿನಿಯರ್)

ಉತ್ತರ: ಸ್ವಾಮಿ, ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಕಾರ್ಮೆನ್ ರಿಚರ್ಡ್‌ಸನ್ ಎಂಬ ಮಹಿಳೆ 1956ರಲ್ಲಿ ಮೆಕ್ಸಿಕೋದಿಂದ ಕಾನೂನುಬದ್ಧವಾಗಿ ಬಂದು ಅರಿಜೋನದಲ್ಲಿ ನೆಲೆಸಿದ್ದರು. 64ರ ವಯಸ್ಸಿನಲ್ಲಿ ಪೂರ್ತಿ ಅಶಕ್ತರಾಗಿ ಅಂಗವಿಕಲರ ನೆರವನ್ನು ಕೇಳಿದಾಗ, ಪ್ರಜೆಗಳಲ್ಲದವರು 15 ವರ್ಷ ದೇಶದಲ್ಲಿರಬೇಕು ಎಂದು ಅರಿಜೋನ ನಿರಾಕರಿಸಿತು. ಪೆನ್ಸಿಲ್ವೇನಿಯದ ಇದೇ ಬಗೆಯ ಇನ್ನೊಂದು ದಾವೆಯನ್ನೂ ಕೂಡಿಸಿಕೊಂಡು ನ್ಯಾಯಾಲಯ 1971ರಲ್ಲಿ ತೀರ್ಪು ಕೊಟ್ಟಿತು: ವಲಸಿಗರೂ ಪ್ರಜೆಗಳಂತೆಯೇ ತೆರಿಗೆ ಕಟ್ಟುತ್ತಾರೆ, ಸೈನ್ಯಕ್ಕೂ ಅವರನ್ನು ಕರೆಯಬಹುದು; ಹಾಗಿರುವಾಗ ಆ ತೆರಿಗೆಯಿಂದ ನಡೆಯುವ ನೆರವಿನಿಂದ ಅವರನ್ನು ಹೊರಗಿಡಲು ರಾಜ್ಯಕ್ಕೆ ಅಧಿಕಾರವಿಲ್ಲ. ಐದು ವರ್ಷಗಳ ನಂತರ, 1976ರಲ್ಲಿ, ವಲಸೆ ಒಕ್ಕೂಟ ಸರ್ಕಾರದ ವಿಷಯವಾದ್ದರಿಂದ ಅದು ಬೇಕಾದರೆ ಇಂಥ ಭೇದ ಮಾಡಬಹುದು ಎಂದು ಅದೇ ನ್ಯಾಯಾಲಯ ಹೇಳಿತು. 1996ರ ಕಾನೂನು ನಿಂತಿರುವುದು ಈ ಎರಡನೆಯ ತೀರ್ಪಿನ ಮೇಲೆ. ಆದರೂ ನ್ಯೂಯಾರ್ಕಿನ ಉನ್ನತ ನ್ಯಾಯಾಲಯ 2001ರಲ್ಲಿ, ವೈದ್ಯಕೀಯ ನೆರವಿನ ಮೊಕದ್ದಮೆಯೊಂದರಲ್ಲಿ, ಒಕ್ಕೂಟ ಬಿಟ್ಟುಕೊಟ್ಟಿತೆಂದು ರಾಜ್ಯ ತನ್ನ ಹಣದಲ್ಲಿ ಕಾನೂನುಬದ್ಧ ವಲಸಿಗರನ್ನು ಬೇರೆಯಾಗಿ ನೋಡುವಂತಿಲ್ಲ ಎಂದು ತೀರ್ಪಿತ್ತಿತು. ದೀನರ ಪಾಲನೆ ರಾಜ್ಯದ ಹೊಣೆ ಎಂಬ ಮಾತು ನ್ಯೂಯಾರ್ಕಿನ ಸಂವಿಧಾನದಲ್ಲಿಯೇ 1938ರಿಂದ ಇದೆ.

ನೀವು ಕೈಚಾಚಲಿಲ್ಲ, ನಿಮ್ಮ ಶ್ರಮಕ್ಕೆ ಗೌರವವಿದೆ. ಆದರೆ ನೀವು ಬಂದಾಗ ಕೈಯಲ್ಲಿ ಪದವಿಯೂ ನೌಕರಿಯ ಪತ್ರವೂ ಇದ್ದವು. ಗ್ರೀನ್ ಕಾರ್ಡಿನ ಮೇಲೆ ಬರುವವರಲ್ಲಿ ವೃದ್ಧರ ಮನೆಗಳಲ್ಲಿ ಆರೈಕೆ ಮಾಡುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಗೋದಾಮಿನಲ್ಲಿ ಹೊರೆ ಎತ್ತುವವರೂ ಇದ್ದಾರೆ. ಅವರ ಸಂಬಳದಿಂದಲೂ ಮೊದಲ ವಾರದಿಂದಲೇ ತೆರಿಗೆ ಕಡಿತವಾಗುತ್ತದೆ. ತೆರಿಗೆಗೆ ಐದು ವರ್ಷದ ಕಾಯುವಿಕೆ ಇಲ್ಲ. ಹೊಸ ಊರಿನಲ್ಲಿ ಭಾಷೆ, ಪರಿಚಯ, ಉಳಿತಾಯ ಯಾವುದೂ ಇಲ್ಲದ ಮೊದಲ ವರ್ಷಗಳಲ್ಲಿಯೇ ಒಂದು ಅಪಘಾತ ಅಥವಾ ಒಂದು ಸಾವು ಮನೆಯನ್ನು ಉರುಳಿಸಬಲ್ಲದು. ಕಾನೂನು ಕೈಬಿಡುವುದೂ ಆ ವರ್ಷಗಳಲ್ಲಿಯೇ.

ಹಣ ಎಲ್ಲಿಂದ ಎಂಬ ಪ್ರಶ್ನೆಯೂ ನಿಮ್ಮ ಪತ್ರದಲ್ಲಿ ಅಡಗಿದೆ. ಟ್ಯಾನ್ಫ್‌ಗೆ ಒಕ್ಕೂಟ ಸರ್ಕಾರ ವರ್ಷಕ್ಕೆ ಕೊಡುವ ಮೊತ್ತ 16.5 ಶತಕೋಟಿ ಡಾಲರ್. 1996ರಲ್ಲಿ ನಿಗದಿಯಾದ ಈ ಮೊತ್ತ ಬೆಲೆಯೇರಿಕೆಗೆ ತಕ್ಕಂತೆ ಏರಿಲ್ಲವಾದ್ದರಿಂದ ಅದರ ನಿಜ ಬೆಲೆ ಸುಮಾರು ಅರ್ಧಕ್ಕೆ ಇಳಿದಿದೆ. ಇದರ ಜೊತೆಗೆ ರಾಜ್ಯಗಳು 1994ರಲ್ಲಿ ತಾವು ಖರ್ಚು ಮಾಡುತ್ತಿದ್ದುದರ ಕನಿಷ್ಠ 75ರಿಂದ 80 ಶೇಕಡಾ ಹಣವನ್ನು ಸ್ವಂತವಾಗಿ ಹಾಕಲೇಬೇಕು. ಆ ಪಾಲನ್ನು ಐದು ವರ್ಷ ತುಂಬದ ವಲಸಿಗರಿಗೆ ಬಳಸಲು ಕಾನೂನಿನ ತಡೆಯಿಲ್ಲ. ಆದರೆ ರಾಜ್ಯಗಳು ಈ ಎರಡೂ ಹಣವನ್ನು ಬೇರೆ ಬೇರೆ ಬಾಬತ್ತುಗಳಿಗೆ ತಿರುಗಿಸುತ್ತ ಬಂದಿವೆ. 1997ರಲ್ಲಿ 70 ಶೇಕಡಾಕ್ಕೂ ಹೆಚ್ಚು ಹಣ ನೇರವಾಗಿ ಬಡ ಕುಟುಂಬಗಳ ಕೈಸೇರುತ್ತಿತ್ತು, ಈಗ ಸೇರುತ್ತಿರುವುದು ಸುಮಾರು ನಾಲ್ಕನೇ ಒಂದು ಭಾಗ. ಬಡತನದಲ್ಲಿರುವ, ಮಕ್ಕಳಿರುವ ಪ್ರತಿ 100 ಕುಟುಂಬಗಳಲ್ಲಿ 1996ರಲ್ಲಿ 68ಕ್ಕೆ ನೆರವು ತಲುಪುತ್ತಿತ್ತು, 2020ರ ಹೊತ್ತಿಗೆ 21ಕ್ಕೆ. ಅಂದರೆ ಹುಟ್ಟಾ ಅಮೆರಿಕನ್ನರಾದ ಬಡವರೂ ಹೊರಗುಳಿದಿದ್ದಾರೆ. ವಲಸಿಗರಿಗೆ ಕೊಟ್ಟರೆ ಪ್ರಜೆಗಳ ಪಾಲು ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಇಬ್ಬರ ಪಾಲೂ ಒಟ್ಟಿಗೇ ಕರಗುತ್ತ ಬಂದಿದೆ.

ಮೊತ್ತವನ್ನೂ ನೋಡಿ. ಮೂವರ ಕುಟುಂಬಕ್ಕೆ ಮಿನ್ನೆಸೋಟ ಕೊಡುತ್ತಿದ್ದ 532 ಡಾಲರ್ 1986ರಿಂದ 33 ವರ್ಷ ಕದಲಲಿಲ್ಲ. 2020ರ ಫೆಬ್ರವರಿಯಲ್ಲಿ 100 ಡಾಲರ್ ಏರಿತು. ನ್ಯೂಜೆರ್ಸಿಯ 424 ಡಾಲರ್ 1987ರಿಂದ 2018ರವರೆಗೆ ಹಾಗೆಯೇ ಇತ್ತು. ಮಿಸಿಸಿಪ್ಪಿ 2021ರವರೆಗೆ ಕೊಡುತ್ತಿದ್ದದ್ದು 170 ಡಾಲರ್, ಆಮೇಲೆ 260. ತಿಂಗಳಿಗೆ, ಮೂವರಿಗೆ. ಈ ಹಣಕ್ಕಾಗಿ ಸಮುದ್ರ ದಾಟಿ ಬರುವವರು ಯಾರಿದ್ದಾರೆ?

ಪ್ರಶ್ನೆ: ನಮ್ಮಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಬಿಟ್ಟಿ ಎಂದು ಹೀಯಾಳಿಸುತ್ತಾರೆ. ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಅಮೆರಿಕದಲ್ಲಿಯೂ ಇದೆಯೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಇದೆ. ನಮಗಿಂತ ಹಳೆಯದು. 1996ರ ಕಾನೂನಿನ ಕೆಲಸದ ಷರತ್ತೂ 60 ತಿಂಗಳ ಮಿತಿಯೂ ಆ ಮಾತಿನಿಂದಲೇ ಹುಟ್ಟಿದವು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ಹಣ ಕೊಡುವಾಗ ಇಂಥ ಷರತ್ತಿಲ್ಲ, ಇಷ್ಟೇ ತಿಂಗಳು ಎಂಬ ಮಿತಿಯೂ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮ ಯೋಜನೆ ಹೆಚ್ಚು ಉದಾರವಾದದ್ದು.

ಷರತ್ತಿಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಒಮ್ಮೆ ತಾನೇ ಮಾಡಿ ನೋಡಿದೆ. 2021ರಲ್ಲಿ ಮಕ್ಕಳ ತೆರಿಗೆ ರಿಯಾಯಿತಿಯನ್ನು ಹೆಚ್ಚಿಸಿ, ಆದಾಯವೇ ಇಲ್ಲದ ಮನೆಗಳಿಗೂ ವಿಸ್ತರಿಸಿ, ಜುಲೈಯಿಂದ ಡಿಸೆಂಬರ್‌ವರೆಗೆ ಆರು ವರ್ಷದೊಳಗಿನ ಮಗುವಿಗೆ ತಿಂಗಳಿಗೆ 300 ಡಾಲರ್, ದೊಡ್ಡ ಮಕ್ಕಳಿಗೆ 250 ಡಾಲರ್‌ನಂತೆ ನೇರವಾಗಿ ಖಾತೆಗೆ ಹಾಕಿದರು. ತೆರಿಗೆ, ನೆರವು ಎಲ್ಲವನ್ನೂ ಸೇರಿಸಿ ಅಳೆಯುವ ಲೆಕ್ಕದಲ್ಲಿ ಮಕ್ಕಳ ಬಡತನ ಆ ವರ್ಷ 5.2 ಶೇಕಡಾಕ್ಕೆ ಇಳಿಯಿತು. ಯೋಜನೆಯನ್ನು ಮುಂದುವರಿಸಲಿಲ್ಲ, 2022ರಲ್ಲಿ ಅದು 12.4 ಶೇಕಡಾಕ್ಕೆ ಏರಿತು. ಒಂದೇ ವರ್ಷದ ಅಂತರದಲ್ಲಿ ದುಪ್ಪಟ್ಟಿಗಿಂತ ಹೆಚ್ಚು ಏರಿದ್ದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳಲು ನನಗೆ ಸಾಧ್ಯವಿಲ್ಲ. ಅಂದು ಬಂದ ಹಣದಲ್ಲಿ ಮಗಳಿಗೆ ಕನ್ನಡಕ ಮಾಡಿಸಿದೆನೆಂದು ಒಬ್ಬ ತಾಯಿ ನನ್ನೆದುರು ಕಣ್ಣು ಒರೆಸಿಕೊಂಡಿದ್ದರು. ಎರಡು ವರ್ಷದಿಂದ ಆ ಹುಡುಗಿ ಕರಿಹಲಗೆ ಕಾಣದೆ ಶಾಲೆಯಲ್ಲಿ ಕುಳಿತಿದ್ದಳು.

ಪ್ರಶ್ನೆ: ಅರ್ಜಿ ತಿರಸ್ಕರಿಸಿದರೆ ಮುಂದೇನು? ನನ್ನ ತಾಯಿಗೆ ಇಂಗ್ಲಿಷ್ ಬಾರದು.
(ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಓದುಗರು)

ಉತ್ತರ: ಕನ್ನಡ ದುಭಾಷಿ ಬೇಕೆಂದು ಕೌಂಟಿ ಕಚೇರಿಯಲ್ಲಿ ಕೇಳಿ, ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ. ಮೊಮ್ಮಕ್ಕಳನ್ನು ದುಭಾಷಿಗಳಾಗಿ ಕರೆದೊಯ್ಯಬೇಡಿ. ಅಜ್ಜಿಯ ಕಾಯಿಲೆ, ಸಾಲ, ಮನೆಯೊಳಗಿನ ಜಗಳ ಇವನ್ನೆಲ್ಲ ಹತ್ತು ವರ್ಷದ ಮಗುವಿನ ಬಾಯಿಂದ ಹೇಳಿಸಿದ್ದನ್ನು ನಾನು ಒಂದು ಕಚೇರಿಯಲ್ಲಿ ಕಂಡಿದ್ದೇನೆ. ಆ ಮಗುವಿನ ಮುಖ ಇಂದಿಗೂ ಮರೆತಿಲ್ಲ.

ನಿರಾಕರಣೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ಲಿಖಿತ ನೋಟಿಸನ್ನು ಕೇಳಿ ಪಡೆಯಿರಿ. ನೋಟಿಸಿನ ದಿನಾಂಕದಿಂದ 90 ದಿನಗಳೊಳಗೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಿಚಾರಣೆಯನ್ನು ಕೇಳಬಹುದು. ಅಲ್ಲಿಯೂ ದುಭಾಷಿ ಇರುತ್ತಾರೆ. ಬರುತ್ತಿರುವ ನೆರವನ್ನು ಕಡಿತಗೊಳಿಸುವ ನೋಟಿಸಾದರೆ, ಕಡಿತ ಜಾರಿಗೆ ಬರುವ ದಿನಕ್ಕಿಂತ ಮೊದಲೇ ವಿಚಾರಣೆ ಕೇಳಿ. ಆಗ ತೀರ್ಮಾನವಾಗುವವರೆಗೆ ಹಣ ಬರುತ್ತಲೇ ಇರುತ್ತದೆ. ವಿಚಾರಣೆಯಲ್ಲಿ ಸೋತರೆ ಆ ಅವಧಿಯ ಹಣವನ್ನು ಮರಳಿ ಕೇಳಬಹುದೆಂಬುದೂ ನೆನಪಿರಲಿ. ನೋಟಿಸು ಬಂದ ಲಕೋಟೆಯನ್ನು ಎಸೆಯಬೇಡಿ, ಅಂಚೆಯ ಮುದ್ರೆಯ ದಿನಾಂಕ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ.